ಮನೆಯವರ ಜೊತೆಗಿನ ಹಣದ ತಕರಾರು: ಕೋರ್ಟ್ ಮೆಟ್ಟಿಲು ಹತ್ತದೆ ಬಗೆಹರಿಸಿಕೊಳ್ಳುವುದು ಹೇಗೆ?

ಬ್ಯಾಂಕಿನ ಸಾಲಕ್ಕೆ ಕಾಗದ ಇರುತ್ತದೆ, ತಾರೀಖು ಇರುತ್ತದೆ, ಕಂತು ತಪ್ಪಿದರೆ ಮಾರನೇ ದಿನವೇ ಫೋನ್ ಬರುತ್ತದೆ. ತಮ್ಮನಿಗೋ ಭಾವನಿಗೋ ಕೊಟ್ಟ ಕೈಸಾಲಕ್ಕೆ ಇದ್ಯಾವುದೂ ಇರುವುದಿಲ್ಲ. ಕೊಡುವಾಗ 'ನಮ್ಮವರೇ ತಾನೇ' ಅಂತ ಕೊಟ್ಟಿರುತ್ತೇವೆ, ವಾಪಸ್ ಕೇಳುವಾಗ ಬಾಯಿ ಬರುವುದಿಲ್ಲ. ಹೀಗೇ ಎರಡು ವರ್ಷ ಕಳೆಯುತ್ತದೆ. ಆಮೇಲೆ ಯಾರದೋ ಮದುವೆ ಮನೆಯಲ್ಲಿ, ಊಟದ ಹೊತ್ತಿಗೆ ಸರಿಯಾಗಿ, ಒಂದು ಮಾತು ಜಾರುತ್ತದೆ.

ಇಂಥ ಜಗಳವನ್ನು ಕೋರ್ಟಿಗೆ ಒಯ್ಯಬಹುದು. ಆದರೆ ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು, ವಕೀಲರ ಫೀಸು ಬೇರೆ, ವರ್ಷಗಟ್ಟಲೆ ಅಲೆದಾಟ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಕೈಗೆ ಬಂದ ಮೇಲೂ ಹಣ ತಾನಾಗಿ ಬರುವುದಿಲ್ಲ, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಅಂತ ಇನ್ನೊಂದು ಸುತ್ತು. ಎರಡು-ಮೂರು ಲಕ್ಷದ ವಿಷಯಕ್ಕೆ ಇಷ್ಟೆಲ್ಲ ಬೇಕಾ ಅನಿಸುವುದು ಸಹಜ. ಹಾಗಂತ ಸುಮ್ನೆ ಕೂತರೂ ಕೆಲಸ ಕೆಡುತ್ತದೆ. ನಾನು ನೋಡಿದ ಮಟ್ಟಿಗೆ, ಬಹಳಷ್ಟು ಮನೆಗಳಲ್ಲಿ ಮನಸ್ಸು ಮುರಿದಿರುವುದು ಹಣ ಕೇಳಿದ್ದರಿಂದಲ್ಲ, ಲೆಕ್ಕ ಬರೆದಿಡದೆ ಕೇಳಿದ್ದರಿಂದ. ಹಾಗಾಗಿ ಕೆಳಗೆ ಹೇಳುವುದರಲ್ಲಿ ಮಾತಿಗಿಂತ ಕಾಗದದ ಕೆಲಸವೇ ಜಾಸ್ತಿ.

1. ಮೊದಲು ಕ್ಯಾಲೆಂಡರ್ ನೋಡಿ

ರಾಜಿಗೆ ಕೂರುವ ಮುಂಚೆಯೇ ಇದೊಂದು ನೋಡಿಕೊಳ್ಳಿ. 1963ರ ಲಿಮಿಟೇಷನ್ ಕಾಯ್ದೆಯ ಪ್ರಕಾರ ಕೈಸಾಲದ ವಸೂಲಿಗೆ ದಾವೆ ಹಾಕಲು 3 ವರ್ಷ ವಾಯಿದೆ ಇದೆ. 'ಕೇಳಿದಾಗ ಕೊಡು' ಅಂತ ಹೇಳಿ ಕೊಟ್ಟ ಸಾಲಕ್ಕೂ ಆ 3 ವರ್ಷ ಕೊಟ್ಟ ದಿನದಿಂದಲೇ ಓಡಲು ಶುರುವಾಗುತ್ತದೆ, ನೀವು ಕೇಳಿದ ದಿನದಿಂದಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. 'ಈ ಯುಗಾದಿ ಕಳೀಲಿ, ಮಗಳ ಮದುವೆ ಆಗ್ಲಿ' ಅಂತ ಮುಂದಕ್ಕೆ ಹಾಕುತ್ತಾ ಹೋದವರಿಗೆ ವಾಯಿದೆ ಮುಗಿದದ್ದು ವಕೀಲರ ಹತ್ತಿರ ಹೋದಾಗಲೇ ತಿಳಿಯುವುದು.

ಕೋರ್ಟಿಗೆ ಹೋಗುವ ಮನಸ್ಸೇ ಇಲ್ಲದಿದ್ದರೂ ಈ ತಾರೀಖು ಮುಖ್ಯ. ನಿಮಗೆ ಬೇರೆ ದಾರಿಯೇ ಉಳಿದಿಲ್ಲ ಅಂತ ಎದುರಿನವರಿಗೆ ಗೊತ್ತಾದರೆ ಮಾತಿನ ಧಾಟಿಯೇ ಬದಲಾಗುತ್ತದೆ.

3 ವರ್ಷ ಮುಗಿಯುವ ಮೊದಲು ಸಾಲ ಪಡೆದವರು ಬಾಕಿ ಇರುವುದನ್ನು ಬರೆದು ಸಹಿ ಮಾಡಿಕೊಟ್ಟರೆ, ಆ ಸಹಿಯ ದಿನದಿಂದ ಹೊಸ 3 ವರ್ಷ ಸಿಗುತ್ತದೆ. ದೊಡ್ಡ ಕರಾರೇನೂ ಬೇಡ, ಇಷ್ಟು ಸಾಕು:

"ದಿನಾಂಕ 12-06-2024ರಂದು ಅಕ್ಕನಿಂದ ಕೈಸಾಲವಾಗಿ ಪಡೆದ 3,00,000 ರೂಪಾಯಿಯ ಪೈಕಿ ಈ ದಿನಕ್ಕೆ 2,40,000 ರೂಪಾಯಿ ಕೊಡುವುದು ಬಾಕಿ ಇರುತ್ತದೆ."

ಕೆಳಗೆ ಹೆಸರು, ಸಹಿ, ತಾರೀಖು. 'ನನ್ನ ಮೇಲೆ ನಂಬಿಕೆ ಇಲ್ವಾ?' ಅನ್ನುವ ಮಾತು ಬಂದೇ ಬರುತ್ತದೆ. 'ನಂಬಿಕೆ ಇದೆ, ಆದ್ರೆ ನಾಳೆ ನಾನಿಲ್ಲ ಅಂದ್ರೆ ಮಕ್ಕಳಿಗೆ ಲೆಕ್ಕ ಗೊತ್ತಾಗ್ಬೇಕಲ್ಲ' ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ.

ಆಗಾಗ ಫೋನ್‌ಪೇಯಲ್ಲಿ ಒಂದಿಷ್ಟು ಹಾಕುತ್ತಿದ್ದಾರೆ, ಹಾಗಾಗಿ ವಾಯಿದೆ ತಾನಾಗಿ ಮುಂದಕ್ಕೆ ಹೋಗುತ್ತದೆ ಅಂತ ನೆಚ್ಚಿಕೊಂಡು ಕೂರಬೇಡಿ. ಭಾಗಶಃ ಪಾವತಿಯಿಂದ ಹೊಸ ವಾಯಿದೆ ಸಿಗಲು ಕೂಡ ಪಾವತಿಸಿದವರ ಕೈಬರಹ ಅಥವಾ ಸಹಿಯ ದಾಖಲೆಯನ್ನು ಕಾಯ್ದೆ ಕೇಳುತ್ತದೆ.

3 ವರ್ಷ ಆಗಲೇ ಕಳೆದಿದೆಯಾ? ಆಗಲೂ ಸಾಲ ಅಳಿಸಿಹೋಗಿಲ್ಲ, ದಾವೆ ಹಾಕುವ ದಾರಿ ಮಾತ್ರ ಮುಚ್ಚಿದೆ. ಹಳೆಯ ಬಾಕಿಯನ್ನು ಕೊಡುತ್ತೇನೆ ಅಂತ ಅವರು ಈಗ ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆಯ 25(3)ನೇ ಕಲಂ ಪ್ರಕಾರ ಅದು ಹೊಸ ಕರಾರಾಗಿ ನಿಲ್ಲುತ್ತದೆ.

2. ಅದು ಸಾಲವೋ, ನೆರವೋ, ಪಾಲೋ?

ಮೊತ್ತದ ಜಗಳಕ್ಕಿಂತ ಈ ಜಗಳ ಆಳವಾದದ್ದು. ಅಕ್ಕ ಸಾಲ ಅಂತ ಕೊಟ್ಟಿರುತ್ತಾಳೆ, ತಮ್ಮ 'ಅಕ್ಕ ಸಹಾಯ ಮಾಡಿದ್ಲು' ಅಂತ ತಿಳಿದಿರುತ್ತಾನೆ. ಅಣ್ಣನ ಹೋಟೆಲಿಗೆ ಹಾಕಿದ ಹಣ ನಷ್ಟವಾದ ಮೇಲೆ 'ಅದು ಪಾರ್ಟ್ನರ್‌ಶಿಪ್ ಅಲ್ವಾ, ನಷ್ಟದಲ್ಲೂ ಪಾಲು ಬರುತ್ತೆ' ಅನ್ನುವ ಮಾತು ಹೊರಡುತ್ತದೆ. ಅಮೆರಿಕದಲ್ಲಿರುವ ಮಗ ಅಪ್ಪನ ಮನೆ ರಿಪೇರಿಗೆ ಅಂತ ಕಳಿಸುತ್ತಾನೆ. ಆ ಮನೆಯಲ್ಲಿ ತಮ್ಮನ ಸಂಸಾರ ಇದೆ. ಮುಂದೆ ಪಾಲಾಗುವಾಗ ಆ ಹಣ ಯಾರ ಲೆಕ್ಕಕ್ಕೆ?

ಹಣ ಕೊಟ್ಟ ಕಾಲದಲ್ಲಿ ಯಾರು ಏನು ಹೇಳಿದ್ದರು ಅಂತ ಹುಡುಕಿ. ಆಗಿನ ವಾಟ್ಸಾಪ್ ಮಾತು, ಬ್ಯಾಂಕ್ ವರ್ಗಾವಣೆಯಲ್ಲಿ ಬರೆದ ಒಂದು ಸಾಲು, ಆಮೇಲೆ ಅವರು ಒಂದೆರಡು ಕಂತು ವಾಪಸ್ ಕೊಟ್ಟದ್ದು, ಇವೆಲ್ಲ ಸಾಲ ಅನ್ನುವುದಕ್ಕೆ ಆಧಾರ. ಹಬ್ಬಕ್ಕೆ, ಹೆರಿಗೆಗೆ, ಮಗುವಿನ ನಾಮಕರಣಕ್ಕೆ ಕೊಟ್ಟದ್ದನ್ನು ಈಗ ಸಾಲದ ಪಟ್ಟಿಗೆ ಸೇರಿಸಬೇಡಿ. ಹಾಗೆ ಮಾಡಿದರೆ ನಿಜವಾದ ಸಾಲದ ಮೇಲಿನ ನಿಮ್ಮ ಮಾತಿಗೂ ತೂಕ ಹೋಗುತ್ತದೆ.

3. ಒಂದೇ ಹಾಳೆಯಲ್ಲಿ ಲೆಕ್ಕ ಬರೆಯಿರಿ

ಇದು ಇಡೀ ಕೆಲಸದ ಜೀವಾಳ, ನಿಧಾನವಾಗಿ ಮಾಡಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಕ್ಕ 'ಮೂರೂವರೆ ಲಕ್ಷ ಕೊಡ್ಬೇಕು' ಅನ್ನುತ್ತಾಳೆ. ತಮ್ಮ 'ಎಲ್ಲಾ ಕೊಟ್ಟಾಗಿದೆ, ಸ್ವಲ್ಪ ಉಳಿದಿರಬಹುದು' ಅನ್ನುತ್ತಾನೆ. ಇಬ್ಬರೂ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಕೂತಾಗ ಹೊರಬೀಳುವುದು ಇದು:

- ಅಂಗಡಿ ಅಡ್ವಾನ್ಸಿಗೆ ಬ್ಯಾಂಕ್ ಮೂಲಕ ಕೊಟ್ಟದ್ದು 3,00,000. ಇಬ್ಬರದೂ ಒಪ್ಪಿಗೆ.
- ದಸರೆ ಮುಂಚೆ ಸ್ಟಾಕ್ ತರಲು ಕೈಯಲ್ಲಿ ಕೊಟ್ಟ ನಗದು. ಅಕ್ಕನ ಪ್ರಕಾರ 40,000, ತಮ್ಮನ ಪ್ರಕಾರ 25,000.
- ತಮ್ಮ ತಿಂಗಳಿಗೆ 10,000ದಂತೆ 6 ಸಲ ಫೋನ್‌ಪೇ ಮಾಡಿದ್ದು 60,000. ಒಪ್ಪಿಗೆ.
- ಅಮ್ಮನ ಕಣ್ಣಿನ ಆಪರೇಷನ್ನಿಗೆ ತಮ್ಮ ಕಟ್ಟಿದ್ದು 70,000. ಅರ್ಧ, ಅಂದರೆ 35,000, ಅಕ್ಕನ ಪಾಲು ಅನ್ನುವುದು ತಮ್ಮನ ವಾದ. 'ಆವಾಗ ಯಾರೂ ಹೇಳ್ಲಿಲ್ಲ' ಅನ್ನುವುದು ಅಕ್ಕನದು.

ಈಗ ಕೂಡಿ ಕಳೆಯಿರಿ. ಅಕ್ಕನ ಲೆಕ್ಕದಲ್ಲಿ ಬಾಕಿ 2,80,000. ತಮ್ಮನ ಲೆಕ್ಕದಲ್ಲಿ 2,30,000. ಅಂದರೆ 2,30,000ದವರೆಗೆ ಇಬ್ಬರಿಗೂ ತಕರಾರೇ ಇಲ್ಲ. ನಿಜವಾದ ಜಗಳ 50,000ದ್ದು. ಅದರಲ್ಲಿ 15,000 ನಗದಿನದು, 35,000 ಆಸ್ಪತ್ರೆಯದು. ಮೂರೂವರೆ ಲಕ್ಷ ಅಂತ ಕೂಗಾಡುತ್ತಿದ್ದವರು 50,000ಕ್ಕೆ ಇಳಿದರು. ಇದನ್ನು ಕಣ್ಣಾರೆ ನೋಡಿದ ಮೇಲೆ ದನಿ ತಾನಾಗಿ ತಗ್ಗುತ್ತದೆ.

ಹಾಳೆಯಲ್ಲಿ ಮೂರು ಕಾಲಂ ಸಾಕು: ಇಬ್ಬರೂ ಒಪ್ಪಿದ್ದು, ನಾನು ಹೇಳುವುದು, ಅವರು ಹೇಳುವುದು. ಅವರ ಕಾಲಂ ಖಾಲಿ ಬಿಟ್ಟು ಕಳಿಸಿ, ಅವರೇ ತುಂಬಲಿ. ಅವರು ನಿಮಗೆ ಕೊಟ್ಟದ್ದನ್ನೂ ನೀವೇ ಬರೆದು ತೋರಿಸಿ. ಅವರು ಮರೆತ 5,000ವನ್ನು ನೀವಾಗಿ ಬರೆದಿದ್ದರೆ ಆ ಹಾಳೆಯ ಮೇಲೆ ಬರುವ ನಂಬಿಕೆಯೇ ಬೇರೆ.

4. ಬಡ್ಡಿ ಮತ್ತು ಒಡವೆ

ಕೊಡುವಾಗ ಬಡ್ಡಿಯ ಮಾತಾಗಿರದಿದ್ದರೆ ಈಗ ಹಿಂದಿನಿಂದ ಲೆಕ್ಕ ಹಾಕಿ ಕೇಳುವುದು ಅಷ್ಟು ಗಟ್ಟಿ ನಿಲ್ಲುವ ಮಾತಲ್ಲ. ಅದರಲ್ಲೂ ಊರ ಕಡೆಯ 'ನೂರಕ್ಕೆ ಎರಡು ರೂಪಾಯಿ' ಲೆಕ್ಕ ಅಂದರೆ ವರ್ಷಕ್ಕೆ 24 ಪರ್ಸೆಂಟ್. ತಮ್ಮನ ಹತ್ತಿರ ಆ ಬಡ್ಡಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಮಗೆ ನಿಜವಾಗಿ ಆದ ನಷ್ಟವನ್ನು ತೋರಿಸಿ. ಎಫ್‌ಡಿ ಮುರಿದು ಕೊಟ್ಟಿದ್ದರೆ ಅದರಿಂದ ಬರಬೇಕಿದ್ದ ಬಡ್ಡಿ ಎಷ್ಟು, ಒಡವೆ ಸಾಲ ತೆಗೆದು ಕೊಟ್ಟಿದ್ದರೆ ಬ್ಯಾಂಕಿಗೆ ನೀವು ಕಟ್ಟಿದ ಬಡ್ಡಿ ಎಷ್ಟು. ರಸೀದಿ ಇರುವ ನಷ್ಟವನ್ನು ಅಲ್ಲಗಳೆಯುವುದು ಕಷ್ಟ.

ಒಡವೆಯ ಜಗಳ ಇನ್ನೂ ಕಷ್ಟದ್ದು. ಅತ್ತಿಗೆಯ ಬಳೆಯನ್ನು ಅಡವಿಡಲು ಇಸಿದುಕೊಂಡು ಹೋಗಿರುತ್ತಾರೆ, ಕೊನೆಗೆ ಬಿಡಿಸಲಾಗದೆ ಅದು ಹರಾಜಾಗಿರುತ್ತದೆ. ಈಗ ಕೊಡಬೇಕಾದ್ದು ಆಗಿನ ಬೆಲೆಯೋ, ಈಗಿನದೋ? ನನ್ನ ಅಭಿಪ್ರಾಯ ಸ್ಪಷ್ಟ: ಗ್ರಾಂ ಲೆಕ್ಕದಲ್ಲಿ ಪಡೆದದ್ದನ್ನು ಗ್ರಾಂ ಲೆಕ್ಕದಲ್ಲೇ ಹಿಂತಿರುಗಿಸಬೇಕು. ಮೇಕಿಂಗ್ ಚಾರ್ಜು, ವೇಸ್ಟೇಜು ಬೇಕಾದರೆ ಬಿಟ್ಟುಕೊಡಿ, ಚಿನ್ನದ ತೂಕ ಬಿಡಬೇಡಿ. ತೂಕದ ಬಗ್ಗೆಯೇ ಅನುಮಾನ ಇದ್ದರೆ ಗಿರವಿ ಚೀಟಿ ಅಥವಾ ಬ್ಯಾಂಕಿನ ಒಡವೆ ಸಾಲದ ಕಾಗದ ಹುಡುಕಿ, ಅದರಲ್ಲಿ ಒಟ್ಟು ತೂಕ, ನಿವ್ವಳ ತೂಕ ಎರಡೂ ಬರೆದಿರುತ್ತಾರೆ. ಒಡವೆ ಇನ್ನೂ ಅಡವಿನಲ್ಲೇ ಇದ್ದರೆ ಮೊದಲು ಕೇಳಬೇಕಾದ್ದು ಆ ಚೀಟಿಯ ಫೋಟೋ ಮತ್ತು ಬಿಡಿಸಿಕೊಳ್ಳಲು ಕೊನೆಯ ದಿನ.

5. ಮಾತಿಗೆ ಕರೆಯುವ ರೀತಿ

ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ. ಮದುವೆ, ತಿಥಿ, ಗೃಹಪ್ರವೇಶದಲ್ಲಿ ಎತ್ತಬೇಡಿ. ಅವರಿಗೆ ಮಾತ್ರ ಒಂದು ಮೆಸೇಜು:

"ಹೇಗಿದೀಯೋ? ಅಂಗಡಿ ಅಡ್ವಾನ್ಸಿನ ದುಡ್ಡಿನ ಲೆಕ್ಕ ಒಂದ್ಸಲ ಕೂತು ನೋಡೋಣ ಅಂತ. ನನ್ನ ಹತ್ರ ಇರೋ ಲೆಕ್ಕದ ಫೋಟೋ ಹಾಕಿದೀನಿ. ನಿನ್ನ ಕಡೆಯಿಂದ ಏನಾದ್ರೂ ಬಿಟ್ಟುಹೋಗಿದ್ರೆ ಬರ್ಕೊಂಡು ಬಾ. ಬರೋ ಭಾನುವಾರ ಬೆಳಗ್ಗೆ ಆಗುತ್ತಾ?"

ಇದರಲ್ಲಿ 'ಯಾವಾಗ ಕೊಡ್ತೀಯ' ಅನ್ನುವ ಪ್ರಶ್ನೆ ಇಲ್ಲ, ಗಮನಿಸಿ. ಲೆಕ್ಕ ನೋಡೋಣ ಅಂದರೆ ತಪ್ಪಿಸಿಕೊಳ್ಳುವುದು ಕಷ್ಟ, ಅವಮಾನವೂ ಅನಿಸುವುದಿಲ್ಲ. 'ಆಯ್ತಕ್ಕ, ಕೊಡ್ಬೇಕು ಅಂತಾನೇ ಇದೀನಿ' ಅಂತ ಉತ್ತರ ಬಂದರೆ ಆ ಚಾಟ್ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದು, ಫೋನಿನಲ್ಲೇ ಉಳಿಸಿಕೊಳ್ಳಿ, ಬ್ಯಾಕಪ್ ಇಡಿ. ಮುಂದೆಂದಾದರೂ ಸಾಕ್ಷ್ಯವಾಗಿ ಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೊಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಮಧ್ಯೆ ಕೂರಲು ಹಿರಿಯರು ಬೇಕಾ? ಇಬ್ಬರೇ ಮಾತಾಡಿದರೆ ಜಗಳವಾಗುತ್ತದೆ ಅನ್ನುವಂತಿದ್ದರೆ ಬೇಕು. ಸೋದರಮಾವ, ದೊಡ್ಡಪ್ಪ, ಇಬ್ಬರಿಗೂ ಪಾಠ ಹೇಳಿದ ಮೇಷ್ಟ್ರು, ಯಾರಾದರೂ ಆಗಬಹುದು. ಅವರು ಇಬ್ಬರಲ್ಲಿ ಯಾರಿಗೂ ಹಣ ಕೊಡಬೇಕಾದವರಾಗಿರಬಾರದು, ಇಲ್ಲಿ ಕೇಳಿದ್ದನ್ನು ಊರಿಗೆಲ್ಲ ಹೇಳುವವರೂ ಆಗಿರಬಾರದು. ಅಮ್ಮನನ್ನು ಮಾತ್ರ ನ್ಯಾಯ ಹೇಳಲು ಕೂರಿಸಬೇಡಿ. ಯಾವ ಕಡೆ ಹೇಳಿದರೂ ಅವರಿಗೆ ಸೋಲೇ.

ಇಬ್ಬರ ಗಂಡ-ಹೆಂಡತಿಯರೂ ಜೊತೆಗಿರುವುದು ಒಳ್ಳೆಯದು. ಬೆಳಗ್ಗೆ ಅಣ್ಣ-ತಮ್ಮ ಒಪ್ಪಿಕೊಂಡದ್ದು ರಾತ್ರಿ ಅಡುಗೆಮನೆಯಲ್ಲಿ ಮುರಿದುಬೀಳುವುದು ಹೊಸದೇನಲ್ಲ. ಆ ಮನೆಯ ಖರ್ಚು ತೂಗಿಸುವವರ ಒಪ್ಪಿಗೆ ಇಲ್ಲದೆ ಕಂತು ನಿಗದಿ ಮಾಡಿದರೆ ಅದು ನಡೆಯುವುದಿಲ್ಲ.

6. ಕೂತಾಗ

ಇಬ್ಬರೂ ಒಪ್ಪಿದ ಮೊತ್ತದಿಂದ ಶುರುಮಾಡಿ. ನಮ್ಮ ಉದಾಹರಣೆಯಲ್ಲಿ ಅದು 2,30,000. ಅದನ್ನು ಹೇಗೆ, ಯಾವಾಗ ಕೊಡುವುದು ಅಂತ ಮೊದಲು ಮಾತಾಡಿ. ಉಳಿದ 50,000ದ ತಕರಾರು ಆಮೇಲೆ. 'ನಿನ್ನ ಮದುವೆಗೆ ಯಾರು ಖರ್ಚು ಮಾಡಿದ್ದು' ಅನ್ನುವ ದಾರಿಗೆ ಮಾತು ತಿರುಗಿದರೆ ಹಿರಿಯರು ಅಲ್ಲೇ ತಡೆಯಬೇಕು, ಇಲ್ಲದಿದ್ದರೆ 1998ಕ್ಕೆ ಹೋಗಿ ನಿಲ್ಲುತ್ತದೆ.

ಅಕ್ಕ ಆಸ್ಪತ್ರೆಯ 35,000 ಒಪ್ಪಿಕೊಂಡಳು, ತಮ್ಮ ನಗದಿನ 40,000 ಪೂರ್ತಿ ಒಪ್ಪಿಕೊಂಡ ಅಂತಿಟ್ಟುಕೊಳ್ಳಿ. ಬಾಕಿ 2,45,000ಕ್ಕೆ ಬಂತು. 45,000 ಈಗಲೇ, ಉಳಿದದ್ದು ತಿಂಗಳಿಗೆ 10,000ದಂತೆ 20 ಕಂತು. ಕಂತಿನ ಮೊತ್ತವನ್ನು ಅವರ ಬಾಯಿಂದಲೇ ಬರಿಸಿ. ನೀವು 20,000 ಅಂತ ಒತ್ತಾಯಿಸಿ ಒಪ್ಪಿಸಿದ್ದು ಮೂರನೇ ತಿಂಗಳಿಗೆ ನಿಲ್ಲುತ್ತದೆ. ಒಂದೇ ಸಲ ಕೊಡುವುದಾದರೆ ಸ್ವಲ್ಪ ಬಿಡುತ್ತೇನೆ ಅಂತಲೂ ಹೇಳಿ ನೋಡಿ. ಆದರೆ ಎಷ್ಟರವರೆಗೆ ಬಿಡಬಹುದು ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿರಿ. ಅಲ್ಲಿ ಕೂತು ಕರಗಿ ಬಿಟ್ಟುಕೊಟ್ಟದ್ದು ಆಮೇಲೆ ಹೊಟ್ಟೆ ಉರಿಸುತ್ತದೆ.

ಮೊದಲ ಸಲಕ್ಕೇ ಮುಗಿಯಬೇಕು ಅಂತೇನಿಲ್ಲ. ಒಪ್ಪಿದ್ದಷ್ಟನ್ನು ಬರೆದು, ಕಾಫಿ ಕುಡಿದು ಏಳಿ.

7. ಕಾಗದಕ್ಕೆ ಇಳಿಸುವುದು

ಕನ್ನಡದಲ್ಲೇ ಬರೆಸಿ, ಎಲ್ಲರ ಎದುರು ಜೋರಾಗಿ ಓದಿಸಿ. ಇ-ಸ್ಟಾಂಪ್ ಕಾಗದದ ಮೇಲೆ ರಾಜಿ ಕರಾರು ಪತ್ರ ಅಂತ ಮಾಡಿ, ಎಷ್ಟರ ಸ್ಟಾಂಪ್ ಬೇಕು ಅಂತ ಅಲ್ಲೇ ಪತ್ರ ಬರೆಯುವವರನ್ನು ಕೇಳಿದರೆ ಹೇಳುತ್ತಾರೆ. ಒಳಗೆ ಇರಬೇಕಾದ್ದು: ಮೂಲ ಹಣ ಯಾವಾಗ ಎಷ್ಟು ಕೊಟ್ಟದ್ದು, ಯಾವುದು ವಜಾ ಆಯಿತು, ಉಳಿದ ಬಾಕಿ ಅಂಕಿಯಲ್ಲೂ ಅಕ್ಷರದಲ್ಲೂ, ಕಂತಿನ ತಾರೀಖು (ಸಂಬಳದ ನಂತರದ ದಿನ ಇಡಿ), ಯಾವ ಖಾತೆಗೆ, ಎರಡು ಕಂತು ತಪ್ಪಿದರೆ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು ಅನ್ನುವ ಷರತ್ತು, ಇದರಾಚೆಗೆ ಈ ವಿಷಯದಲ್ಲಿ ಪರಸ್ಪರ ಯಾವ ಬಾಕಿಯೂ ಇಲ್ಲ ಅನ್ನುವ ಸಾಲು. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಎರಡು ಪ್ರತಿ.

ಕರಾರಿನ ಬದಲು ಪ್ರೋನೋಟು (ಇಷ್ಟು ಹಣ ಕೊಡುತ್ತೇನೆ ಅಂತ ಸಾಲಗಾರರು ಬರೆದು ಸಹಿ ಮಾಡುವ ಚೀಟಿ) ಬರೆಸಿದರೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಹಾಕಿಸಿ. ಸ್ಟಾಂಪ್ ಇಲ್ಲದ ಪ್ರೋನೋಟನ್ನು ಆಮೇಲೆ ದಂಡ ಕಟ್ಟಿಯೂ ಸಾಕ್ಷ್ಯಕ್ಕೆ ತರಲಾಗುವುದಿಲ್ಲ.

ಚೆಕ್ ಪಡೆಯುವುದಾದರೆ ತಾರೀಖು, ಮೊತ್ತ, ಹೆಸರು ಬರೆದ ಚೆಕ್ಕೇ ಪಡೆಯಿರಿ. ಸಾಲಗಾರರಿಗೂ ಒಂದು ಮಾತು: ಖಾಲಿ ಚೆಕ್ಕಿಗೆ, ಖಾಲಿ ಸ್ಟಾಂಪ್ ಕಾಗದಕ್ಕೆ ಸ್ವಂತ ಅಣ್ಣನೇ ಕೇಳಿದರೂ ಸಹಿ ಹಾಕಬೇಡಿ. ಚೆಕ್ ಬೌನ್ಸಾದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ಹಣ ಕೊಡಲು ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಅದು ಕ್ರಿಮಿನಲ್ ಕೇಸು. ತಮ್ಮನನ್ನು ಅಲ್ಲಿಗೆ ನಿಲ್ಲಿಸುವ ಮನಸ್ಸಿದೆಯಾ ಅಂತ ಚೆಕ್ ಕೇಳುವ ಮುಂಚೆಯೇ ಯೋಚಿಸಿ.

ಕಂತುಗಳನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. 20,000 ಮತ್ತು ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೂ ತೀರಿಸುವುದಕ್ಕೂ ಆದಾಯ ತೆರಿಗೆ ಕಾಯ್ದೆಯ ತಡೆ ಇದೆ.

ಹಣದ ಬದಲು ಸೈಟು, ಜಮೀನಿನ ಪಾಲು ಬಿಟ್ಟುಕೊಡುವ ಮಾತು ಬಂದರೆ ಈ ಕಾಗದ ಸಾಲದು. ಹಕ್ಕು ಖುಲಾಸೆ ಪತ್ರವೋ ಕ್ರಯಪತ್ರವೋ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ನೋಟರಿ ಸೀಲು ಹೊಡೆಸಿದರೆ ಅದು ನೋಂದಣಿ ಆಗುವುದಿಲ್ಲ. ಹೆಣ್ಣುಮಕ್ಕಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಇದೆ. ಎರಡು ಲಕ್ಷದ ಸಾಲ ವಜಾ ಮಾಡುವ ನೆಪದಲ್ಲಿ ಎಷ್ಟೋ ಪಟ್ಟು ಬೆಲೆಯ ಪಾಲಿಗೆ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ. ಸಾಲದ ಲೆಕ್ಕ, ಪಾಲಿನ ಲೆಕ್ಕ ಬೇರೆ ಬೇರೆ ಇಡಿ.

8. ಲೋಕ ಅದಾಲತ್: ಒಪ್ಪದಿದ್ದರೂ ಸರಿ, ಒಪ್ಪಿದ್ದರೂ ಸರಿ

ಮನೆಯಲ್ಲಿ ಮಾತು ಮುಂದಕ್ಕೆ ಹೋಗದಿದ್ದರೆ ನಿಮ್ಮ ಊರಿನ ಕೋರ್ಟ್ ಆವರಣಕ್ಕೆ ಹೋಗಿ. ಅಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಜಿಲ್ಲಾ ಕೇಂದ್ರದಲ್ಲಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುತ್ತದೆ. ಕೋರ್ಟಿನಲ್ಲಿ ಕೇಸು ಹಾಕದೆಯೇ ವ್ಯಾಜ್ಯಪೂರ್ವ ಪ್ರಕರಣ ಅಂತ ಅರ್ಜಿ ಕೊಡಬಹುದು. ಬಿಳಿ ಹಾಳೆಯಲ್ಲಿ ವಿಷಯ ಬರೆದು, ನಿಮ್ಮ ಲೆಕ್ಕದ ಹಾಳೆ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ಲಗತ್ತಿಸಿ. ಶುಲ್ಕ ಇಲ್ಲ. ಅವರು ಎದುರಿನವರಿಗೆ ನೋಟಿಸ್ ಕಳಿಸಿ, ಇಬ್ಬರನ್ನೂ ಲೋಕ ಅದಾಲತ್‌ನಲ್ಲಿ, ಅಂದರೆ ರಾಜಿ ಮಾಡಿಸುವ ಪೀಠದ ಮುಂದೆ, ಕೂರಿಸುತ್ತಾರೆ. ಎಲ್ಲಿ ಹೋಗಬೇಕು ಅಂತ ಗೊತ್ತಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ.

ಅಲ್ಲಿಂದ ನೋಟಿಸ್ ಹೋದರೆ 'ನನ್ನ ಮೇಲೆ ಕೇಸ್ ಹಾಕಿದ್ಲು' ಅಂತ ಮನೆಯಲ್ಲಿ ಗಲಾಟೆ ಆಗಬಹುದು. ಹಾಗಾಗಿ ಮೊದಲೇ ಫೋನ್ ಮಾಡಿ, ಇದು ಕೇಸಲ್ಲ, ಮಧ್ಯಸ್ಥಿಕೆಗೆ ಕರೆಯುತ್ತಿದ್ದಾರೆ ಅಷ್ಟೇ ಅಂತ ತಿಳಿಸಿ.

ಮನೆಯಲ್ಲೇ ರಾಜಿ ಆಗಿದ್ದರೂ ಇಲ್ಲಿಗೆ ಹೋಗುವುದರಿಂದ ಒಂದು ದೊಡ್ಡ ಲಾಭ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಲೋಕ ಅದಾಲತ್‌ನಲ್ಲಿ ದಾಖಲಾದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಮನೆಯಲ್ಲಿ ಬರೆದ ಕರಾರನ್ನು ಮುರಿದರೆ ನೀವು ಹೊಸದಾಗಿ ದಾವೆ ಹಾಕಬೇಕು. ಅದಾಲತ್‌ನ ರಾಜಿಯನ್ನು ಮುರಿದರೆ ನೇರವಾಗಿ ಅಮಲ್ಜಾರಿಗೆ ಹೋಗಬಹುದು. ಮೊತ್ತ ದೊಡ್ಡದಾಗಿದ್ದು ಕಂತು ವರ್ಷಗಟ್ಟಲೆ ನಡೆಯುವುದಾದರೆ ಇಬ್ಬರೂ ಒಟ್ಟಿಗೆ ಹೋಗಿ ದಾಖಲು ಮಾಡಿಸಿ.

ಪೊಲೀಸ್ ಸ್ಟೇಷನ್ನಿಗೆ ಮಾತ್ರ ಹೋಗಬೇಡಿ. ಕೈಸಾಲದ ವಸೂಲಿ ಸಿವಿಲ್ ವಿಷಯ, ಅದು ಅವರ ಕೆಲಸವಲ್ಲ.

9. ರಾಜಿಗೆ ಕೂರಬಾರದ ಸಂದರ್ಭ

ಹೊಡೆತ, ಬೆದರಿಕೆ ಇದ್ದರೆ, ನಕಲಿ ಸಹಿ ಮಾಡಿ ಹಣ ತೆಗೆದಿದ್ದರೆ, ಅವರು ಆಸ್ತಿ ಮಾರಿ ಊರು ಬಿಡುವ ತಯಾರಿಯಲ್ಲಿದ್ದರೆ ಸೀದಾ ವಕೀಲರನ್ನು ನೋಡಿ. ನೋಡಿಕೊಳ್ಳುತ್ತೇವೆ ಅಂತ ಷರತ್ತಿನ ಮೇಲೆ ಅಪ್ಪ-ಅಮ್ಮನಿಂದ ಆಸ್ತಿ ಬರೆಸಿಕೊಂಡು ಈಗ ಕೈಬಿಟ್ಟಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕುವ ದಾರಿ ಇದೆ. ವಾಯಿದೆಗೆ ತಿಂಗಳೆರಡು ಮಾತ್ರ ಉಳಿದಿದ್ದು ಎದುರಿನವರು ಸಹಿಯನ್ನೂ ಹಾಕದೆ ದಿನ ತಳ್ಳುತ್ತಿದ್ದರೂ ವಕೀಲರ ಹತ್ತಿರವೇ ಹೋಗಿ. ದಾವೆ ಹಾಕಿದ ಮೇಲೂ ರಾಜಿಗೆ ಬಾಗಿಲು ತೆರೆದೇ ಇರುತ್ತದೆ.

10. ಕೊನೆಯ ಕಂತು ಬಂದ ದಿನ

ಇದನ್ನು ಬಹಳ ಜನ ಮರೆಯುತ್ತಾರೆ. ಪೂರ್ತಿ ಹಣ ಬಂದ ಮೇಲೆ 'ಬಾಕಿ ಪೂರ್ತಿ ಚುಕ್ತಾ ಆಗಿದೆ' ಅಂತ ಒಂದು ರಸೀದಿ ಬರೆದು ಕೊಡಿ. ಮೊತ್ತ 5,000 ಮೀರಿದ್ದರೆ ರಸೀದಿಗೆ 1 ರೂಪಾಯಿ ರೆವಿನ್ಯೂ ಸ್ಟಾಂಪ್ ಬೇಕು. ಪ್ರೋನೋಟು, ಉಳಿದ ಚೆಕ್ಕುಗಳಿದ್ದರೆ ವಾಪಸ್ ಕೊಡಿ, ಕರಾರಿನ ಎರಡೂ ಪ್ರತಿಗಳ ಮೇಲೆ 'ಚುಕ್ತಾ' ಅಂತ ಬರೆದು ತಾರೀಖು ಹಾಕಿ ಇಬ್ಬರೂ ಸಹಿ ಮಾಡಿ. ಮಧ್ಯೆ ಕೂತಿದ್ದ ಹಿರಿಯರಿಗೂ ಫೋನ್ ಮಾಡಿ ಲೆಕ್ಕ ಮುಗಿಯಿತು ಅಂತ ಹೇಳಿ. ಇಲ್ಲದಿದ್ದರೆ ಮುಂದಿನ ಮದುವೆಯಲ್ಲಿ ಅವರೇ 'ಆ ದುಡ್ಡಿನ ಕತೆ ಏನಾಯ್ತಪ್ಪಾ?' ಅಂತ ಎಲ್ಲರೆದುರು ಕೇಳುತ್ತಾರೆ.